ಮಂಗಲವಿಲ್ಲದ ಡಿಸ್ಕ್ ಪೆಟ್ಟಿಗೆ

ಕ್ರಿಸ್ತಶಕ ೨೧೦೯, ಮೂರನೆಯ ಶ್ರಾವಣ, ಮೊದಲ ಶನಿವಾರ
ಬೆಣಚಿಹಾಳ

ಮುತ್ತಜ್ಜಿ ಫಕ್ಕೀರವ್ವನಿಗೆ, ಇನ್ನೂ ಹುಟ್ಟದಿರುವ ನಿನ್ನ ಮರಿಮಗಳು ನೀಲವ್ವ ಮಾಡುವ ಶರಣಾರ್ಥಿ.

ತಾರೀಖು ನೋಡಿ ಗಾಬರಿಯಾಗಬೇಡ. ವರ್ಷಕ್ಕೆ ಮೂರು ಶ್ರಾವಣ ಹೇಗೆ ಬರುತ್ತವೆ ಎಂದು ನೀನು ಕೇಳುತ್ತೀ. ನಿಮ್ಮ ಕಾಲದಲ್ಲಿ ಶ್ರಾವಣ ಬಂದಾಗ ಮಳೆ ಬರುತ್ತಿತ್ತಂತೆ. ನಮ್ಮಲ್ಲಿ ಮಳೆ ಬಂದಾಗ ಪಂಚಾಂಗದವರು ಕೂಡಿ ಶ್ರಾವಣ ಸಾರುತ್ತಾರೆ, ಮಳೆ ಓಡಿಹೋದರೆ ಮುಗಿಯಿತು ಅನ್ನುತ್ತಾರೆ, ತಿರುಗಿ ಬಂದರೆ ತಿರುಗಿ ಸಾರುತ್ತಾರೆ. ನಾನು ಊರ ಶಾಲೆಯಲ್ಲಿ ಏಳನೆಯ ತನಕ ಓದಿದವಳು. ನಿನಗೆ ಗೊತ್ತಿಲ್ಲದ ಪದಗಳು ನಡುವೆ ಬಂದರೆ ಹೊಟ್ಟೆಗೆ ಹಾಕಿಕೋ, ತಿಳಿಯುವ ಹಾಗೆ ಹೇಳುತ್ತ ಹೋಗುತ್ತೇನೆ. ಈ ಕಾಗದ ಹಿಂದಕ್ಕೆ ಹೇಗೆ ಹೋಗುತ್ತದೆಂದು ನನಗೆ ತಿಳಿಯದು. ನಮ್ಮೂರ ದೇವರು ಸೋಮಲಿಂಗನ ಮುಂದೆ ಇಡುತ್ತೇನೆ. ಹಿಂದು ಮುಂದು ಎಂಬುದು ನಮಗೆ, ಅವನಿಗಲ್ಲ. ಇನ್ನೊಂದು ಮಾತು ಮೊದಲೇ ಹೇಳುತ್ತೇನೆ. ನಾನು ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಹಿರಿಯರ ಮೇಲೆ ಸಿಟ್ಟಾಗಬಾರದೆಂದು ಅವ್ವ ಕಲಿಸಿದ್ದಳು. ಆದರೂ ಆಗಿದ್ದೇನೆ.

ನಮ್ಮ ಬದುಕು ಹೇಗಿದೆ ಎಂದು ಮೊದಲು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಓಣಿಗಳ ಮೇಲೆಲ್ಲ ಬಿಳಿಯ ಚಪ್ಪರ ಹಾಸಿದ್ದೇವೆ, ಅದಕ್ಕೆ ನೆರಳೋಣಿ ಅನ್ನುತ್ತೇವೆ. ಹೊತ್ತು ನೆತ್ತಿಗೆ ಬರುವ ಮುಂಚೆ ಎಲ್ಲರೂ ಕದ ಹಾಕಿಕೊಂಡು ಮಲಗುತ್ತೇವೆ, ಹೊತ್ತು ಇಳಿದ ಮೇಲೆ ರೊಟ್ಟಿ ಬಡಿಯುವ ಸಪ್ಪಳ ಮತ್ತೆ ಸುರುವಾಗುತ್ತದೆ. ಜೋಳ ಈಗಲೂ ಬೆಳೆಯುತ್ತೇವೆ, ಗಿಡ್ಡ ಜೋಳ, ಮೊಣಕಾಲಿಗಿಂತ ಎತ್ತರ ಬರುವುದಿಲ್ಲ. ಕುಡಿಯುವ ನೀರಿಗೆ ಗಾಳಿಬಾವಿ ಇದೆ. ಗಾಳಿಬಾವಿ ಎಂದರೆ ಕಂಬದ ತುದಿಯಲ್ಲಿ ಜಾಳಿಗೆ ಕಟ್ಟಿ ಗಾಳಿಯೊಳಗಿನ ಪಸೆಯನ್ನು ಇಳಿಸಿಕೊಳ್ಳುವ ಯಂತ್ರ. ಬೆಳಗಾಗುವುದರೊಳಗೆ ಮನೆಗೊಂದು ಕೊಡ ಸಿಗುತ್ತದೆ. ಆ ಕೊಡದಿಂದ ಮೊದಲ ಚರಿಗೆ ದೇವರಿಗೆ, ಉಳಿದದ್ದು ನಮಗೆ. ನೋಡುವ ಕೇಳುವ ಎಲ್ಲವೂ ಬಾನಗೂಡಿನಲ್ಲಿದೆ. ನಿಮ್ಮ ಮೊಬೈಲಿನ ಆ್ಯಪುಗಳೆಲ್ಲ ಬೆಳೆದು ಒಂದಾಗಿ ಕುಳಿತದ್ದೇ ಬಾನಗೂಡು. ಸಿನಿಮಾ, ಸೀರಿಯಲ್, ಹಾಡು, ಪ್ರವಚನ, ಏನು ಬೇಕೆಂದರೂ ಗೋಡೆಗೆ ಹೇಳಿದರೆ ಬೆಳಕಾಗಿ ಬಂದು ನಿಲ್ಲುತ್ತದೆ. ಮನೆಯಲ್ಲಿ ಇಟ್ಟುಕೊಳ್ಳುವಂಥದ್ದು ಯಾವುದೂ ಇಲ್ಲ.

ನಮ್ಮ ಮನೆಯೊಂದನ್ನು ಬಿಟ್ಟು. ನೀನು ಕೊಂಡ 'ಕೊಡದ ಗಂಗವ್ವ' ಸೀರಿಯಲ್ಲಿನ ಬ್ಲೂ-ರೇ ಡಿಸ್ಕುಗಳು ಇಂದಿಗೂ ನಮ್ಮ ಜಗುಲಿಯ ಮೇಲೆ ದೇವರ ಪಕ್ಕದಲ್ಲಿವೆ. ಒಂದು, ಎರಡು, ಮೂರು, ಹೀಗೆ ಮೂರು ಭಾಗ, ಕಡೆಯ ಕಂತಿರುವ ನಾಲ್ಕನೆಯದು ಮಾತ್ರ ಇಲ್ಲ. ಅಜ್ಜಿ ಅವಕ್ಕೆ ಇಳಕಲ್ ಸೀರೆಯ ಸೆರಗಿನಲ್ಲಿ ಚೀಲ ಹೊಲಿದಿದ್ದಳು. ಅವ್ವ ಆಡಿಸುವ ಪೆಟ್ಟಿಗೆಯನ್ನು ಮೂರು ಸಲ ರಿಪೇರಿ ಮಾಡಿಸಿದಳು. ಚಿತ್ರ ಈಗಲೂ ಎಷ್ಟು ಸ್ವಚ್ಛವಾಗಿದೆ ಎಂದರೆ ಗಂಗವ್ವನ ಕೊಡದ ಮೇಲಿನ ನೀರಹನಿ ಎಣಿಸಬಹುದು. ಸೋಮಲಿಂಗನಿಗೆ ಬದುಕಿಡೀ ನೀರು ಹೊತ್ತ ಭಕ್ತೆಯ ಕಥೆ ನಿನಗೆ ನಾನು ಹೇಳಬೇಕೇ. ಹೊಸ್ತಿಲ ಹೊರಗೇ ಅವಳನ್ನು ನಿಲ್ಲಿಸಿ, ಪೂಜಾರಿ ಕೊಡ ಇಸಿದುಕೊಂಡು ಒಳಗೆ ಹೋಗುತ್ತಿದ್ದ. ಕಡೆಯ ಕಂತಿನಲ್ಲಿ ದೇವರೇ ಅವಳನ್ನು ಒಳಗೆ ಕರೆದ. ಅವಳು ಹೋಗಿ ತನ್ನ ಕೈಯಾರೆ ಲಿಂಗಕ್ಕೆ ನೀರೆರೆದಳು. ಆ ಕಂತಿನ ಶೂಟಿಂಗ್ ನಡೆದದ್ದು ನಮ್ಮೂರ ಗುಡಿಯಲ್ಲೇ, ಗಂಗವ್ವನ ಹಿಂದೆ ಕೊಡ ಹೊತ್ತು ಒಳಗೆ ಹೋದವರು ನಮ್ಮೂರ ಹೆಣ್ಣುಮಕ್ಕಳೇ, ಅವರಲ್ಲಿ ನೀನೂ ಒಬ್ಬಳು. ಟಿವಿಯಲ್ಲಿ ನಾಡೆಲ್ಲ ನೋಡಿದ ಮೇಲೆ ಊರ ಹಿರಿಯರಿಗೆ ಬೇಡವೆನ್ನಲು ಬಾಯಿ ಬರಲಿಲ್ಲ. ಅಂದಿನಿಂದ ಶ್ರಾವಣ ಸೋಮವಾರ ಹೆಣ್ಣುಮಕ್ಕಳು ಒಳಗೆ ಹೋಗಿ ನೀರೆರೆಯುವುದು ನಮ್ಮ ಗುಡಿಯ ನಡೆಯಾಯಿತು. ನೀನು ಎರೆದೆ, ಅಜ್ಜಿ ಎರೆದಳು, ಅವ್ವ ಎರೆದಳು. ನಾನು ಹತ್ತು ವರ್ಷದವಳಿದ್ದಾಗ ಅವ್ವನ ಸೆರಗು ಹಿಡಿದು ನಿಂತು ಕಣ್ಣಾರೆ ನೋಡಿದ್ದೇನೆ. ನಮ್ಮಣ್ಣ ವಿರೂಪಣ್ಣ ಅವ್ವನಿಗೆ ಕೊಡ ಎತ್ತಿಕೊಟ್ಟವನು.

ಆಮೇಲೆ ಸುಡುವರ್ಷಗಳು ಬಂದವು. ಊರು ಖಾಲಿಯಾಗಿ ನಾವು ದಿಕ್ಕಿಗೊಬ್ಬರು ಹೋದೆವು, ಗುಡಿಗೆ ಕದ ಬಿತ್ತು. ಗಾಳಿಬಾವಿ ಬಂದ ಮೇಲೆ ಕೆಲವರು ತಿರುಗಿ ಬಂದೆವು, ಬೇರೆ ಆರು ಊರುಗಳವರೂ ಬಂದು ನೆಲೆಸಿದರು. ಹಳೆಯ ಮಂದಿಯಲ್ಲಿ ಅಣ್ಣ, ನಾನು, ಓಣಿಯ ಆಚೆ ಮನೆಯ ದುರಗವ್ವ, ಇಷ್ಟೇ ಜನ. ಈ ವರ್ಷ ಗುಡಿಯ ಕದ ತೆಗೆದು ಸುಣ್ಣ ಬಳಿದೆವು. ಅಣ್ಣನೇ ಕಮಿಟಿಯ ಅಧ್ಯಕ್ಷ. ಸೋಮವಾರದ ಪೂಜೆ ಹೇಗೆ ಮಾಡಬೇಕೆಂಬ ಮಾತು ಬಂತು. ಹೊಸಬರು, ನಮ್ಮ ಕಡೆ ಹೆಣ್ಣುಮಕ್ಕಳು ಗರ್ಭಗುಡಿಗೆ ಹೋಗುವುದಿಲ್ಲ, ನಿಮ್ಮಲ್ಲಿ ಹೋಗುತ್ತಿದ್ದರೆ ತೋರಿಸಿರಿ ಎಂದರು. ತಪ್ಪೇನಿಲ್ಲ, ಕೇಳುವ ಮಾತೇ. ನಾನು ಎದ್ದು ನಿಂತು, ಬಾನಗೂಡಿನಲ್ಲಿ ಗಂಗವ್ವನ ಕಡೆಯ ಕಂತು ನೋಡೋಣ, ನಮ್ಮ ಗುಡಿ, ನಮ್ಮ ಮಂದಿ, ಎಲ್ಲ ಅದರಲ್ಲಿದೆ ಎಂದೆ. ಎಲ್ಲರೂ ಒಪ್ಪಿದರು.

ಮರುದಿನ ಬೆಳಿಗ್ಗೆ ಗುಡಿಯ ಮುಂದಿನ ನೆರಳೋಣಿಯಲ್ಲಿ ಕುಳಿತೆವು. ಚಪ್ಪಲಿ ಹೊರಗೆ ಬಿಟ್ಟು, ಗೋಡೆಗೆ ಊದಿನಕಡ್ಡಿ ಬೆಳಗಿ, ಕಾಯಿ ಒಡೆದೆವು. ನಿಮ್ಮಿಂದಲೇ ಬಂದ ಪದ್ಧತಿ ಅದು. ಕಡೆಯ ಕಂತು ಬಂತು. ನಮ್ಮ ಗುಡಿ ಕಂಡಿತು, ನಮ್ಮ ಕಂಬಗಳು ಕಂಡವು, ಕೊಡ ಹೊತ್ತ ನೀನು ಕಂಡೆ, ಮುತ್ತಜ್ಜಿ. ನನಗೆ ಕಣ್ಣಲ್ಲಿ ನೀರು ಬಂತು. ಗಂಗವ್ವ ಹೊಸ್ತಿಲಿಗೆ ಬಂದಳು, ನಿಂತಳು. ಪೂಜಾರಿ ಹೊರಗೆ ಬಂದು ನಕ್ಕು ಕೊಡ ಇಸಿದುಕೊಂಡ. ಅವಳು ಅಲ್ಲೇ ಕೈಮುಗಿದಳು, ನೀವೆಲ್ಲ ಅವಳ ಹಿಂದೆ ಕೈಮುಗಿದಿರಿ, ಮೇಲಿನಿಂದ ಹೂ ಉದುರಿತು, ಮಂಗಲದ ಹಾಡು ಸುರುವಾಯಿತು. ನೀನು ಹೊಸ್ತಿಲ ಹೊರಗೆ ನಗುತ್ತ ನಿಂತಿದ್ದೆ. ನಿನ್ನದೇ ಮುಖ. ನೀನು ಎಂದೂ ನಗದ ನಗು.

ಮೊದಲು ಬಾಯಿ ಬಿಟ್ಟವಳು ದುರಗವ್ವ.

"ಏನ್ರೀ ಇದು? ದೇವ್ರು ಒಳಗ ಬಾ ಅಂದ್ರ ಬಾನಗೂಡಿನ ಕಂಪನಿಯಾಂವ ಹೊರಗ ನಿಲ್ಲು ಅಂತಾನಲ್ರೀ. ಯಾರ ಮಾತ ಕೇಳೂದು ಹೇಳ್ರಿ ಅಧ್ಯಕ್ಷರ!"

ಅಣ್ಣ ನೆಲ ನೋಡುತ್ತ ಹೇಳಿದ. "ಎಲ್ಲಾರೂ ನೋಡಿದ್ರಲ್ಲವಾ. ಇದ್ದದ್ದ ಇದು."

"ಅಣ್ಣಾ, ನೀನ ಅವ್ವಗ ಕೊಡಾ ಎತ್ತಿಕೊಟ್ಟಿದ್ದಿ. ಅಕಿ ಒಳಗ ಹೋಗಿದ್ಲು" ಎಂದೆ.

"ಸಣ್ಣಾವ ಇದ್ದೆ ನೀಲಾ. ಏನ ನೋಡಿದೆನೋ ಏನ ಬಿಟ್ಟೆನೋ. ಹಳೀ ನೆನಪ ನಂಬಿ ಆರೂರ ಮಂದೀನ ಎದುರು ಹಾಕ್ಕೊಳ್ಳೂದಾಗೂದಿಲ್ಲ."

ಅವನಿಗೆ ನೆನಪಿದೆ, ಮುತ್ತಜ್ಜಿ. ಸುಳ್ಳು ಹೇಳುವಾಗ ಕಿವಿ ಕೆರೆದುಕೊಳ್ಳುವುದು ಅವನ ಹುಟ್ಟುಗುಣ, ಅಂದೂ ಕೆರೆದುಕೊಂಡ. ನನಗೆ ಹೆಚ್ಚು ನೋವಾದದ್ದು ಕಂಪನಿಯಿಂದಲ್ಲ.

ಇದಕ್ಕೆ ತಿದ್ದುಗೆ ಅನ್ನುತ್ತಾರೆಂದು ಆಮೇಲೆ ತಿಳಿಯಿತು. ಬಾನಗೂಡಿನವರು ಹಳೆಯ ಸೀರಿಯಲ್ಲುಗಳನ್ನು ವರ್ಷವರ್ಷವೂ ತಿದ್ದುತ್ತಾರೆ. ಯಾರ ಮನಸ್ಸೂ ನೋಯಬಾರದೆಂದು ಒಂದೊಂದು ಸೀಮೆಗೆ ಒಂದೊಂದು ಥರ ತೋರಿಸುತ್ತಾರೆ, ಸತ್ತವರ ಮುಖಕ್ಕೂ ಹೊಸ ನಗು ತೊಡಿಸುತ್ತಾರೆ. ನಾನು ಮನೆಗೆ ಹೋಗಿ ನಿನ್ನ ಮೂರನೆಯ ಭಾಗ ತಂದು ಅವರೆಲ್ಲರ ಮುಂದೆಯೇ ಆಡಿಸಿದೆ. ಅದರಲ್ಲಿ ಗಂಗವ್ವ ಪೂಜಾರಿಯ ಮುಖಕ್ಕೆ ಮುಖ ಕೊಟ್ಟು ಜಗಳ ಮಾಡುತ್ತಾಳೆ. ಬಾನಗೂಡಿನ ಮೂರನೆಯ ಭಾಗದಲ್ಲಿ ಅದೇ ಜಾಗದಲ್ಲಿ ಅವನ ಕಾಲಿಗೆ ಬೀಳುತ್ತಾಳೆ. ಮಂದಿ ಬಾಯಿ ಮೇಲೆ ಕೈಯಿಟ್ಟುಕೊಂಡರು. ನಾನು ಗೆದ್ದೆ ಅಂದುಕೊಂಡೆ. ಆಗ ಅಣ್ಣ, ಮೂರನೆಯದನ್ನು ತಿದ್ದಿದ್ದಾರೆ, ಒಪ್ಪಿದೆ, ನಾಲ್ಕನೆಯದನ್ನೂ ತಿದ್ದಿದ್ದಾರೆ ಎಂಬುದಕ್ಕೆ ಏನಿದೆ, ನಾಲ್ಕನೆಯ ಡಿಸ್ಕ್ ತೋರಿಸು ಎಂದ. ಬಾನಗೂಡಿನವರನ್ನು ಕೇಳಿದರೆ, ಹಳೆಯದನ್ನು ನಾವು ಇಟ್ಟುಕೊಳ್ಳುವುದಿಲ್ಲ, ಹೊಸದೇ ನಿಜವಾದದ್ದು ಎಂಬ ಉತ್ತರ ಬಂತು. ಸೋಮವಾರ ಹೆಣ್ಣುಮಕ್ಕಳು ಹೊಸ್ತಿಲಲ್ಲಿ ನಿಂತು ಕೊಡ ಒಪ್ಪಿಸಬೇಕೆಂದು ಕಮಿಟಿ ತೀರ್ಮಾನಿಸಿತು.

ನಾಲ್ಕನೆಯ ಡಿಸ್ಕ್ ಏಕಿಲ್ಲ ಎಂಬುದನ್ನು ನಾನು ನಿನಗೆ ಹೇಳಬೇಕಾಗಿದೆ. ನಮ್ಮ ಮನೆಯಲ್ಲಿ ಅದು ನಗೆಯ ಕಥೆಯಾಗಿ ನಿನ್ನ ಬಾಯಿಂದ ಅಜ್ಜಿಗೆ, ಅಜ್ಜಿಯಿಂದ ಅವ್ವನಿಗೆ ಬಂದದ್ದು. ನಿಮ್ಮ ಕಾಲದಲ್ಲಿ ಗುಡಿಯಲ್ಲಿ ಪುರಾಣ ಹಚ್ಚಿದರೆ ಮಂಗಲದ ಅಧ್ಯಾಯವನ್ನು ಮನೆಯಲ್ಲಿ ಒಬ್ಬರೇ ಓದುತ್ತಿರಲಿಲ್ಲ, ಊರೆಲ್ಲ ಕೂಡಿ ಗುಡಿಯಲ್ಲಿ ಕೇಳಬೇಕಿತ್ತು. ಮನೆಯಲ್ಲಿ ಮಂಗಲ ಮಾಡಿದರೆ ಮನೆಯ ಏಳಿಗೆಯೂ ಮುಗಿಯುತ್ತದೆ ಎಂಬ ಅಂಜಿಕೆ. ಡಿಸ್ಕ್ ಅಂಗಡಿಯ ಹುಡುಗ ಮನೆಮನೆಗೆ ಬಂದು, ಸಾಕಷ್ಟು ಮಂದಿ ಮೊದಲೇ ಹೆಸರು ಬರೆಸಿದರೆ ಮಾತ್ರ ನಾಲ್ಕನೆಯ ಡಿಸ್ಕ್ ಮಾಡಿಸುತ್ತಾರೆ, ಈಗ ಸೀರಿಯಲ್ ಡಿಸ್ಕ್ ಕೊಳ್ಳುವವರೇ ಕಡಿಮೆ ಎಂದಾಗ ನೀನು ಹೇಳಿದ ಮಾತು ಇದು: "ಮಂಗಲದ್ದು ಮನ್ಯಾಗ ಇಟ್ಕೋಬಾರದೋ ಯಪ್ಪಾ. ಗುಡಿಗೊಂದ ತಾ, ಸಾಕು." ಪಕ್ಕದ ಮನೆಯವರೂ ಅದನ್ನೇ ಅಂದರು. ಮೂರೂ ಭಾಗ ಮನೆಮನೆಗೆ ಕೊಂಡ ಸುತ್ತಲಿನ ಊರುಗಳೆಲ್ಲ ಅದನ್ನೇ ಅಂದವು. ಊರಿಗೊಂದು, ಊರಿಗೊಂದು. ಡಿಸ್ಕ್ ಕಂಪನಿಯವರು ನಿಮ್ಮ ಭಕ್ತಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಜನಕ್ಕೆ ಗಂಗವ್ವ ಸಾಕಾಗಿದ್ದಾಳೆ, ಡಿಸ್ಕಿನ ಕಾಲ ಮುಗಿಯಿತು ಎಂದು ತಿಳಿದರು. ಗುಡಿಗೂ ಒಂದು ಬರಲಿಲ್ಲ. ಆ್ಯಪಿನಲ್ಲಿ ಯಾವಾಗಲೂ ಇರುತ್ತದೆ, ಯಾವಾಗ ಬೇಕಾದರೂ ನೋಡಿಕೊಳ್ಳಿ ಎಂದರಂತೆ. ನೀವೂ ಹೂಂ ಎಂದಿರಿ, ಜಗುಲಿಯಲ್ಲಿ ಜಾಗ ಉಳಿಯಿತು ಎಂದಿರಿ. ಆಮೇಲೆ ಎಲ್ಲ ಸೀರಿಯಲ್ಲುಗಳದ್ದೂ ಹೀಗೇ ಆಯಿತಂತೆ. ಸುರುವಾತಿನ ಭಾಗಗಳು ಡಿಸ್ಕಿನಲ್ಲಿ, ಕಡೆಯದು ಗಾಳಿಯಲ್ಲಿ. ಕಡೆಗೆ ಡಿಸ್ಕೇ ಇಲ್ಲ.

ಅಂಗಡಿಯ ಹುಡುಗನ ಕೈಗೆ ಬೆಲ್ಲ ಕೊಟ್ಟು ಕಳಿಸಿದೆಯಂತೆ. ಮೂರು ತಲೆ ನಾವು ಈ ಕಥೆ ಹೇಳಿ ನಕ್ಕಿದ್ದೇವೆ. ಈಗ ನನಗೆ ನಗು ಬರುತ್ತಿಲ್ಲ. ಒಳಗೆ ಹೋದವಳು ನೀನು. ಕಲ್ಲಿನ ತಂಪು ಪಾದಕ್ಕೆ ತಾಗಿದ್ದು ನಿನಗೆ, ಲಿಂಗದ ಮೇಲೆ ನೀರು ಇಳಿದದ್ದು ಕಂಡದ್ದು ನಿನ್ನ ಕಣ್ಣಿಗೆ. ಅದನ್ನು ಕಾಯ್ದುಕೊಳ್ಳುವ ಕೆಲಸವನ್ನು ಮಾತ್ರ ಯಾರದೋ ಕೈಗೆ ಕೊಟ್ಟು ಮನೆಗೆ ಬಂದೆ. ಬೇರೆ ಯಾರು ಮಾಡಿದ್ದರೂ ನಾನು ತಡೆದುಕೊಳ್ಳುತ್ತಿದ್ದೆ.

ಈ ಕಾಗದ ನಿನಗೆ ಮುಟ್ಟಿದಾಗ ಆ ಹುಡುಗ ಇನ್ನೂ ಬಂದಿರದಿದ್ದರೆ, ಒಂದು ಬೇಡಿಕೆ. ನಿನ್ನ ಹೆಸರಿಗೆ ಒಂದು ಬರೆಸು. ಪಕ್ಕದ ಮನೆಗೆ ಹೋಗಿ ಅವರಿಂದಲೂ ಬರೆಸು. ದೇವರು ತಾನೇ ಕರೆದ ಕಥೆ ಮನೆಯಲ್ಲಿದ್ದರೆ ಮನೆ ಹಾಳಾಗುವುದಿಲ್ಲ, ಪೂಜೆ ಮಾಡುವವಳಾಗಿ ನಾನು ಹೇಳುತ್ತೇನೆ. ಹುಡುಗ ಬಂದು ಹೋಗಿದ್ದರೆ ಓಡಿಹೋಗಿ ಅವನನ್ನು ಬಸ್ ಸ್ಟ್ಯಾಂಡಿನಲ್ಲಿ ಹಿಡಿ. ಯಾವಾಗಲೂ ಇರುತ್ತದೆ ಎಂದು ಯಾರಾದರೂ ಹೇಳಿದರೆ, ಯಾರ ಮನೆಯಲ್ಲಿರುತ್ತದೆ ಎಂದು ಕೇಳು. ನನಗೆ ನಂಬಿಕೆಯ ಕೊರತೆಯಿಲ್ಲ ಮುತ್ತಜ್ಜಿ, ಸಾಕ್ಷಿಯ ಕೊರತೆ.

ನಾಳಿದ್ದು ಸೋಮವಾರ. ನಾಲ್ಕನೆಯ ಡಿಸ್ಕ್ ಬಂದರೂ ಬರದಿದ್ದರೂ ನಾನು ನೀರು ಹೊತ್ತು ಒಳಗೇ ಹೋಗುತ್ತೇನೆ. ದುರಗವ್ವನೂ ಬರುತ್ತೇನೆಂದಿದ್ದಾಳೆ, ನಮ್ಮ ಸೊಸೆ ಇನ್ನೂ ಹೂಂ ಅಂದಿಲ್ಲ. ಹೊಸ್ತಿಲಲ್ಲಿ ಅಣ್ಣ ನಿಂತಿರುತ್ತಾನೆ. ನನ್ನನ್ನು ತಡೆಯಬೇಕೆಂದರೆ ಅವನು ಗೋಡೆಯ ಬೆಳಕಿಗೆ ಹೇಳಿದರೆ ಆಗುವುದಿಲ್ಲ, ತನ್ನ ಕೈ ಚಾಚಿ, ನನ್ನ ಮುಖ ನೋಡಿ, ಕೊಡ ಇಸಿದುಕೊಳ್ಳಬೇಕು. ಅವನು ಅದನ್ನು ಮಾಡಬಲ್ಲನೋ ಇಲ್ಲವೋ ಎಂಬುದು ನನಗೂ ಗೊತ್ತಿಲ್ಲ.

ನಿನ್ನ ಮರಿಮಗಳು,
ನೀಲವ್ವ