ಅಪ್ಪನ ಹೊಸ ಕ್ಯಾಸೆಟ್

ಅಮ್ಮಾ,

ಅಪ್ಪನ ಹಾಡುಗಳ ಹೊಸ ಕ್ಯಾಸೆಟ್ ಬಂದಿದೆ. ನೀನು ತೀರಿಕೊಂಡ ಮೇಲೆ ಇದೇ ಮೊದಲನೆಯದು. ನಿನ್ನೆ ತಿರುಪ್ಪೂರಿನಲ್ಲಿ ನಮ್ಮ ಬನಿಯನ್ ಕಂಪನಿಯ ಎದುರಿನ ಟೀ ಅಂಗಡಿಯಲ್ಲಿ ಅದನ್ನೇ ಹಾಕಿದ್ದರು. ಅದೇ ಹಳೆಯ ಉರುಮೆ ವಾದ್ಯ, ಅದೇ ಹಳ್ಳಿಯ ಮಟ್ಟು, ಸಾಲುಸಾಲಿಗೂ ಚೇಷ್ಟೆ. ಗಂಡನನ್ನು ಬೈಯುವ ಹೆಂಡತಿಯ ಹಾಡು ಬಂದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಅಷ್ಟು ಚೆನ್ನಾಗಿ ಕಟ್ಟಿದ್ದಾನೆ.

ತಂಗಿಗೆ ಜ್ವರ ಬಂದಿದ್ದಾಗ ನೀನು ಅಳುತ್ತಾ ಅಪ್ಪನಿಗೆ ಹೇಳಿದ್ದೆಯಲ್ಲ, "ನೀವು ಪಾಡಿದ್ರೆ ಊರೇ ಎದ್ದು ಕೂರ್ತದೆ, ಕೂಸು ಅತ್ರೆ ನೀವೊಬ್ರೇ ಏಳಲ್ಲ" ಎಂದು. ಅದನ್ನೇ ನಮ್ಮ ಮನೆಮಾತು ಕನ್ನಡದಿಂದ ತಮಿಳಿಗೆ ತಿರುಗಿಸಿ ಪಲ್ಲವಿ ಮಾಡಿದ್ದಾನೆ.

ಸಂಜೆ ನೆಗಮಂ ಊರಿನ ನಮ್ಮ ಮನೆಗೆ ಹೋಗಿ ಕೇಳಿದೆ. "ಅದು ಅಮ್ಮನ ಮಾತಲ್ವಾ ಅಪ್ಪಾ?"

ಮಗ್ಗದಲ್ಲಿ ಕೂತಿದ್ದವನು ತಲೆ ಎತ್ತಲಿಲ್ಲ. "ಅವ್ಳು ಸಿಟ್ಟಲ್ಲಿ ಬೈದ್ಲು, ನನ್ ಕಣ್ಣು. ನಾ ಮಟ್ಟು ಹಾಕ್ದೆ. ಅದಕ್ಕೇ ಜನ ನಗ್ತಾರೆ."

ನಾನೂ ಒಂದು ಕ್ಯಾಸೆಟ್ ಕೊಂಡು ತಂದು ಎರಡೂ ಕಡೆ ಕೇಳಿದೆ. ಹೆಂಡತಿಯ ಸಾಲುಗಳನ್ನು ಯಾರೋ ಹುಡುಗಿ ಹಾಡಿದ್ದಾಳೆ. ಒಳ್ಳೆಯ ಕಂಠ. ಆಮೇಲೆ ನಿನ್ನ ಧ್ವನಿಯನ್ನು ನೆನಪಿಸಿಕೊಳ್ಳಲು ನೋಡಿದೆ. ಆ ಹುಡುಗಿಯದೇ ಕೇಳಿಸುತ್ತಿದೆ.