ನಡುಗಡಿಯ ತಂತಿ

ಗಿಂಡಿ, ಮದರಾಸು
೧೨-೨-೧೯೬೧

ಪ್ರೀತಿಯ ಸದಾನಂದ,

ಅತ್ತಿಗೆಯ ಆಶೀರ್ವಾದ. ಹೇಗಿದ್ದಿ ಮಾರಾಯ? ಬೊಂಬಾಯಿಯ ನೀರು ನಿನ್ನ ಹೊಟ್ಟೆಗೆ ಒಗ್ಗಿತೋ ಇಲ್ಲವೋ? ಊರವರಿಗೆಲ್ಲ ಇಡ್ಲಿ ಬಡಿಸಿ ನೀನು ಬರೀ ಕಾಫಿ ಕುಡಿದು ಮಲಗುತ್ತೀ ಎಂದು ನನಗೆ ಗೊತ್ತುಂಟು. ಎಂಟು ವರ್ಷದವನಿದ್ದಾಗಿನಿಂದ ನಿನಗೆ ತುತ್ತು ಕೊಟ್ಟ ಕೈ ಇದು, ನನ್ನ ಹತ್ತಿರ ಸುಳ್ಳು ಬರೆಯಬೇಡ. ನಾವಿಲ್ಲಿ ಸೌಖ್ಯ. ಇವರಿಗೆ, ನಿನ್ನ ಅಣ್ಣನಿಗೆ, ಮೊಣಕಾಲು ನೋವು ಬಿಟ್ಟಿಲ್ಲ. ಆದರೂ ಬೆಳಗ್ಗೆ ಐದಕ್ಕೆ ಹೋಟೆಲಿನ ಬಾಗಿಲು ತೆಗೆಯುವುದು ಇವರೇ.

ಇನ್ನು ಬೇಲಿಯ ವಿಷಯ. ಮಾವ ತೀರಿಕೊಂಡ ವರ್ಷ ಹೋಟೆಲಿನ ಮೇಜು ಕುರ್ಚಿ ಬದಲಿಸುವ ಮಾತಿಗೆ ಅಣ್ಣನ ಜೊತೆ ಜಗಳಾಡಿ, "ನಮ್ಮಿಬ್ಬರ ಸೈಟಿನ ನಡುವೆ ಮುಳ್ಳುತಂತಿ ಎಳೆಸಿ, ನನಗೆ ನಿಮ್ಮ ಹಂಗು ಬೇಡ" ಎಂದು ರೈಲು ಹತ್ತಿದೆಯಲ್ಲ, ಅದಕ್ಕೆ ಈಗ ಮುಹೂರ್ತ ಬಂತು. ಎಮ್ಮೆಗಳ ಕಾಟಕ್ಕೆ ಬೇಸತ್ತು, ಯುಗಾದಿಯೊಳಗೆ ಎಲ್ಲರೂ ಬೇಲಿ ಹಾಕಬೇಕೆಂದು ಬಡಾವಣೆಯ ಸಂಘದವರು ಕಾಗದ ಕಳಿಸಿದ್ದಾರೆ. ಅಬ್ಬಬ್ಬಾ, ಮದುವೆಗೂ ಇಷ್ಟು ಶಾಸ್ತ್ರ ಇಲ್ಲ! ಎಂಟೆಂಟು ಅಡಿಗೆ ಒಂದು ಕಲ್ಲುಕಂಬ, ಅದು ಎರಡಡಿ ನೆಲದೊಳಗೆ ಹೋಗಬೇಕು. ಮೂಲೆಯ ಕಂಬಕ್ಕೆ ಓರೆಯಾಗಿ ಇನ್ನೊಂದು ಕಲ್ಲಿನ ಆಸರೆ ಬೇಕು, ಇಲ್ಲದಿದ್ದರೆ ತಂತಿ ಬಿಗಿದಾಗ ವಾಲುತ್ತದಂತೆ. ತಂತಿ ನಾಲ್ಕು ಸಾಲು. ರಸ್ತೆಯ ಕಡೆ ಕಂಬದ ಒಳಮೈಗೆ ಕಟ್ಟಬೇಕು, ಹೋಗಿಬರುವವರ ಬಟ್ಟೆ ಹರಿಯಬಾರದು. ಅವರದ್ದೇನೂ ಹರಿಯಲಿಲ್ಲ, ಒಳಗೆ ನಿಂತು ಸಾಲು ಎಣಿಸುತ್ತಿದ್ದ ನನ್ನ ಸೆರಗೇ ಹರಿಯಿತು! ಮೇಸ್ತ್ರಿ "ಪಾತ್ತುಮ್ಮಾ, ಪಾತ್ತು" ಎಂದು, ಅಂದರೆ ನೋಡಿಕೊಂಡು ಅಮ್ಮಾ ಎಂದು, ಕೂಗಿದ್ದು ಸೆರಗು ಹರಿದ ಮೇಲೆ.

ಎರಡೂ ಸೈಟಿನ ಸುತ್ತ ಕೆಲಸ ಮುಗಿಯಿತು. ನಡುವಿನ ಗಡಿಯಲ್ಲಿ ಕಂಬ ನೆಟ್ಟಾಗಿದೆ, ತಂತಿ ಮಾತ್ರ ಎಳೆದಿಲ್ಲ. ಅದರ ಸುರುಳಿ ನಮ್ಮ ಜಗಲಿಯ ಮೂಲೆಯಲ್ಲಿ ಬಿದ್ದಿದೆ. ಯಾಕೆಂದರೆ ಇನ್ನೊಂದು ನಿಯಮ ಉಂಟು. ನಡುಗಡಿಗೆ ತಂತಿ ಎಳೆಯುವಾಗ ಎರಡೂ ಸೈಟಿನ ಯಜಮಾನರು ಎದುರು ನಿಂತು ಒಂದೊಂದು ತುದಿ ಹಿಡಿಯಬೇಕು. ಬದಲಿ ಜನ ನಡೆಯುವುದಿಲ್ಲ. ಹಾಗಾಗಿ ಯುಗಾದಿಗೆ ಮೊದಲು ನೀನು ಬರಲೇಬೇಕು. ಇವರು ಎರಡು ವರ್ಷದಿಂದ ನಿನ್ನ ಹೆಸರೆತ್ತಿಲ್ಲ. ನಾನು ಎತ್ತಿದರೆ ಮೂಗಿನ ಮೇಲಿರುವ ಕನ್ನಡಕವನ್ನೇ ಹುಡುಕುತ್ತಾ ಒಳಗೆ ಹೋಗುತ್ತಾರೆ. ನನಗೂ ಸಾಕಾಗಿದೆ ಸದಾ. ನೀವಿಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದನ್ನು ನೋಡಬೇಕು ನನಗೆ. ಆಮೇಲೆ ಬೇಕಾದರೆ ನಾಲ್ಕಲ್ಲ, ಹತ್ತು ಸಾಲು ತಂತಿ ಎಳೆದುಕೊಳ್ಳಿ.

ಬರುವಾಗ ನನಗೆ ಸೀರೆಗೀರೆ ಎಂದು ಏನೂ ತರಬೇಡ. ಹರಿದ ಸೆರಗನ್ನು ಹೊಲಿದುಕೊಂಡಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣು, ನೂರು ಕಾಲ ಸುಖವಾಗಿ ಬಾಳು.

ನಿನ್ನ ಅತ್ತಿಗೆ,
ಜಲಜಾಕ್ಷಿ

ವಿ.ಸೂ.: ಲಕೋಟೆ ಅಂಟಿಸುವ ಮೊದಲು ಎರಡು ಮಾತು. ಸುಳ್ಳು ಬರೆಯಬೇಡ ಎಂದು ನಿನಗೆ ಹೇಳಿ ನಾನೇ ಬರೆದರೆ ಹೇಗೆ? ಸಂಘದ ಕಾಗದವನ್ನು ನಾಲ್ಕು ಸಲ ಓದಿದೆ, ಆ ಕೊನೆಯ ನಿಯಮ ಅದರಲ್ಲಿ ಎಲ್ಲಿಯೂ ಇಲ್ಲ. ನಾನು ಬರೆಯುತ್ತಾ ಕೂತಿದ್ದಾಗ ಇವರು ಬಾಗಿಲ ಹಿಂದೆ ನಿಂತು, "ಇದೊಂದು ಸೇರಿಸು ಮಾರಾಯ್ತಿ, ನಿಯಮ ಅಂದ್ರೆ ಅವ ಬಂದಾನು" ಎಂದು ಬರೆಸಿದ್ದು.