ಅಕ್ಕ ಆಚೆ ಶಾಲೆಗೆ, ತಂಗಿ ಈಚೆ ಶಾಲೆಗೆ

ಶಾಲೆಗಳನ್ನು ಕೂಡಿಸುವ, ಒಡೆಯುವ, ಸ್ಥಳಾಂತರಿಸುವ ಅಧಿಕಾರವುಳ್ಳ ಮಾನ್ಯರೇ,

ತಮ್ಮ ಒಂದು ಆದೇಶದಿಂದಾಗಿ ನಮ್ಮ ಬಡಾವಣೆಯ ಇಬ್ಬರು ಅಕ್ಕತಂಗಿಯರು ಶಾಲೆ ಬಿಟ್ಟು ಮನೆ ಸೇರಿದ್ದಾರೆ. ಆದೇಶದ ಹೆಸರು ‘ಶಾಲಾ ಮರುಸಂಘಟನೆ’. ಅದರಲ್ಲಿ ‘ಗುಣಮಟ್ಟ’, ‘ಸಮರ್ಪಕ ಬಳಕೆ’, ‘ವಿದ್ಯಾರ್ಥಿ ಹಿತ’ ಎಂಬ ಪದಗಳಿವೆ. ಅಂಚೆ ಕಚೇರಿಯಲ್ಲಿ ಆಯುಷ್ಯ ಸವೆಸಿದ ನನಗೆ ಸರಕಾರಿ ಕನ್ನಡ ಓದಲು ಬರುತ್ತದೆ. ಆದರೂ ಯಾವ ವಿದ್ಯಾರ್ಥಿಯ ಹಿತ ಎಂಬುದು ಎಷ್ಟು ಸಲ ಓದಿದರೂ ತಿಳಿಯಲಿಲ್ಲ. ಆ ಇಬ್ಬರ ಹಿತವಂತೂ ಅಲ್ಲ.

ನಾನು ಶಹಾಬಾದಿನ ಹೊರವಲಯದವಳು. ನಾವು ಇಲ್ಲಿ ಮನೆ ಕಟ್ಟಿದಾಗ ಸುತ್ತ ಇದ್ದದ್ದು ನೆಲಕ್ಕೆ ಹಾಸುವ ಫರಸಿ ಕಲ್ಲಿನ ರಾಶಿ, ಆ ಕಲ್ಲು ತೆಗೆದ ಹಳೆಯ ಖಣಿಗಳು ಮತ್ತು ಜಾಲಿ. ಆಮೇಲೆ ಗುಂಡಗುರ್ತಿಯಿಂದ, ಆಡಕಿಯಿಂದ, ಚಂದ್ರಂಪಳ್ಳಿ ಕಡೆಯಿಂದ ಜನ ಬಂದರು. ಕಲ್ಲು ಪಾಲಿಶ್ ಮಾಡುವ ಮಶೀನುಗಳಿಗೆ, ಸಿಮೆಂಟು ಕಾರ್ಖಾನೆಗೆ, ರೈಲ್ವೆಗೆ ದುಡಿಯುವ ಜನ. ಪ್ಲಾಟುಗಳು ಮನೆಗಳಾದವು, ಮನೆಗಳಲ್ಲಿ ಮಕ್ಕಳಾದವು. ಶಾಲೆ ಮಂಜೂರಾಯಿತು, ಮಾಸ್ತರರೂ ಬಂದರು, ಕಟ್ಟಡವೊಂದೇ ಬರಲಿಲ್ಲ. ಆಗ ಮೊದಲ ವರ್ಷದ ಶಾಲೆ ನಡೆದದ್ದು ನಮ್ಮ ಮನೆಯ ಪಡಸಾಲೆಯಲ್ಲಿ. ನನ್ನ ಯಜಮಾನರು ಪಾಂಡುರಂಗರಾಯರು ಬೆಳಗಿನ ಪೂಜೆಯನ್ನು ಬೇಗ ಮುಗಿಸಿ ಮಕ್ಕಳಿಗೆ ಜಾಗ ಬಿಡುತ್ತಿದ್ದರು. ಮುಂದೆ ಎರಡು ಕೋಣೆ ಎದ್ದವು, ಮತ್ತೆರಡು ಎದ್ದವು. ಅವಕ್ಕೆ ನೆಲ ಹಾಸಿದವನು ಅಮೃತಪ್ಪ. ಪಾಲಿಶ್ ಮಶೀನಿನಲ್ಲಿ ವಾರವಿಡೀ ದುಡಿದು, ರವಿವಾರ ಬಂದು ಒಂದೊಂದೇ ಕಲ್ಲು ಕೂಡಿಸಿದ. “ನಮ್ಮ ಹುಡುಗ್ರು ಕುಂದ್ರೂ ಜಾಗಾ, ಬಾಯಾರ. ಚುಚ್ಚಬಾರ್ದು” ಎನ್ನುತ್ತಿದ್ದ.

ಶಾಲೆ ಏಳನೆಯ ತರಗತಿಯವರೆಗೆ ಬೆಳೆಯಿತು. ಮಕ್ಕಳು ಹೆಚ್ಚಾದರು, ಕೋಣೆಗಳು ಸಾಲದಾದವು. ಇನ್ನಷ್ಟು ಕೋಣೆ ಬೇಕೆಂದು ನಾವು ಸಂತೋಷದಿಂದಲೇ ಬರೆದುಕೊಟ್ಟೆವು. ಮನೆಯಲ್ಲಿ ಮಗು ಬೆಳೆದರೆ ಹೊಸ ಅಂಗಿ ಹೊಲಿಸುತ್ತಾರೆಂದು ನಾವು ತಿಳಿದಿದ್ದೆವು. ತಾವು ಅಂಗಿಯನ್ನು ಹಾಗೇ ಇಟ್ಟು ಮಗುವಿನ ಕೈಕಾಲು ಕತ್ತರಿಸಿದಿರಿ. ಆರು ಮತ್ತು ಏಳನೆಯ ತರಗತಿಗಳನ್ನು ರೈಲು ಹಳಿಯ ಆಚೆ, ಸಿಮೆಂಟು ಲಾರಿಗಳ ರಸ್ತೆ ದಾಟಿ ಇರುವ ದೊಡ್ಡ ಶಾಲೆಗೆ ಕಳಿಸಿದಿರಿ. ಶಾಲೆ ಬೆಳೆದದ್ದೇ ಅದರ ಅಪರಾಧವಾಯಿತೇ?

ಅಮೃತಪ್ಪನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಭಾಗ್ಯಜ್ಯೋತಿ. ಚಿಕ್ಕವಳು ಮಹಾನಂದಾ, ಹುಟ್ಟಿನಿಂದಲೇ ಕಣ್ಣು ಮಂದ. ಬೆಳಕು ಇದೆಯೋ ಇಲ್ಲವೋ ಎಂಬಷ್ಟು ತಿಳಿಯುತ್ತದೆ, ಅಷ್ಟೆ. ಆದರೆ ಕಿವಿಗೆ ಬಿದ್ದದ್ದನ್ನು ಬಿಡುವವಳಲ್ಲ. ಮಗ್ಗಿಯನ್ನು ಹಿಂದಿನಿಂದ ಮುಂದಕ್ಕೂ ಹೇಳುತ್ತಿದ್ದಳು. ಅಕ್ಕ ದಿನಾ ಅವಳ ಕೈಹಿಡಿದು ಶಾಲೆಗೆ ಕರೆತರುವಳು, ಬಿಡುವಿನಲ್ಲಿ ತನ್ನ ತರಗತಿಯಿಂದ ಓಡಿಬಂದು ಶೌಚಕ್ಕೆ ಕರೆದೊಯ್ಯುವಳು, ಬಿಸಿಯೂಟದ ಸಾರಿನಲ್ಲಿಯ ಮೆಣಸಿನಕಾಯಿ ಆರಿಸಿ ತಟ್ಟೆ ಮುಂದಿಡುವಳು, ಸಂಜೆ ಹಲಗೆಯ ಮೇಲಿದ್ದದ್ದನ್ನು ಓದಿ ಹೇಳುವಳು. ಇದಕ್ಕೆ ಯಾವ ಯೋಜನೆಯ ಹೆಸರೂ ಇರಲಿಲ್ಲ. ಆ ಮಗು ಓದುತ್ತಿದ್ದದ್ದು ಅಕ್ಕನ ಕೈಯಿಂದ.

ಕಳೆದ ಜೂನಿನಲ್ಲಿ ಅಕ್ಕ ಆರನೆಯ ತರಗತಿಗೆ ಬಂದಳು. ತಮ್ಮ ಆದೇಶವೂ ಬಂತು. ಅಕ್ಕ ಆಚೆ ಶಾಲೆಗೆ, ತಂಗಿ ಈಚೆ ಶಾಲೆಗೆ.

ತಾಯಿ ಗುರುಲಿಂಗಮ್ಮ ಕರೆತರಬಹುದಿತ್ತಲ್ಲ ಎಂದು ತಾವು ಕೇಳಬಹುದು. ಗುರುಲಿಂಗಮ್ಮ ಕಲ್ಲು ತೊಳೆಯುವ ಕೆಲಸಕ್ಕೆ ನಸುಕಿನಲ್ಲೇ ಹೋಗುತ್ತಾಳೆ. ನಾನು ದಸರಾ ಹಬ್ಬದವರೆಗೆ ಕರೆದೊಯ್ದೆ. ಆಮೇಲೆ ಮೊಣಕಾಲಿನ ಆಪರೇಷನ್ನಿಗೆಂದು ಕಲಬುರಗಿಗೆ ಹೋಗಬೇಕಾಯಿತು. ಇಷ್ಟಕ್ಕೂ, ಗೇಟಿನವರೆಗೆ ಬಿಟ್ಟರೆ ಮುಗಿಯಿತೇ? ನಡುದಿನದ ಶೌಚಕ್ಕೆ, ಊಟಕ್ಕೆ, ನೀರಿಗೆ? ಅಷ್ಟೂ ಮಕ್ಕಳಿಗೆ ಇಬ್ಬರೇ ಶಿಕ್ಷಕರನ್ನು ಉಳಿಸಿದ ತಮಗೆ ಇದರ ಉತ್ತರ ನನಗಿಂತ ಚೆನ್ನಾಗಿ ಗೊತ್ತು.

ಆಪರೇಷನ್ನಿಗೆ ಮುಂಚೆಯೇ ಭಾಗ್ಯಜ್ಯೋತಿಯನ್ನು ಕರೆದುಕೊಂಡು ತಮ್ಮ ಕಚೇರಿಗೆ ಬಂದಿದ್ದೆ. ತಮಗೆ ನೆನಪಿರಲಿಕ್ಕಿಲ್ಲ. ತಾವು ಗೌರವದಿಂದಲೇ ನಡೆಸಿಕೊಂಡಿರಿ.

“ಕುಂದ್ರಿ ತಾಯೀ. ಒಬ್ಬ ಹುಡುಗಿ ಸಲುವಾಗಿ ಇಡೀ ವ್ಯವಸ್ಥಾ ಬದಲಿ ಮಾಡ್ಲಿಕ್ಕ ಆಗ್ತದೇನ್ರಿ? ನಕಾಶದಾಗ ನೋಡ್ರಿ, ದೂರ ಭಾಳ ಇಲ್ಲ. ಸಣ್ಣಾಕಿನ್ನ ಕಲಬುರಗಿಯ ಕುರುಡರ ಸಾಲಿಗಿ ಹಾಕ್ರಿ. ಹಾಸ್ಟೆಲ್ ಅದ, ಊಟ ಅದ, ಎಲ್ಲಾ ಅದ” ಎಂದಿರಿ.

ನಾನು ಬಾಯಿ ತೆರೆಯುವ ಮೊದಲೇ ಆ ಹುಡುಗಿ ಎದ್ದು ನಿಂತಳು. “ಸರ್, ನಮ್ಮ ನಂದಾ ಕತ್ತಲಿಗಿ ಅಂಜಂಗಿಲ್ರಿ. ಗುರ್ತಿಲ್ಲದ ಕೈಗಿ ಅಂಜ್ತಾಳ್ರಿ.”

ತಾವು ಅವಳನ್ನು ನೋಡಿ ನಕ್ಕು, “ಶಾಣ್ಯಾ ಅದಾಳ” ಎಂದು ನನ್ನ ಕಡೆ ತಿರುಗಿದಿರಿ. ಮಾನ್ಯರೇ, ಅವಳು ಜಾಣತನ ತೋರಿಸಲು ಬಂದಿರಲಿಲ್ಲ. ದಾರಿ ಕೇಳಲು ಬಂದಿದ್ದಳು.

ದಾರಿಯನ್ನು ಅವಳೇ ಹುಡುಕಿಕೊಂಡಳು. ಆಸ್ಪತ್ರೆಯಿಂದ ಮರಳಿದ ಮೇಲೆ ಒಂದು ದಿನ ಕೋಲೂರಿ ಶಾಲೆಯ ಕಡೆ ಹೋದಾಗ, ತಂಗಿಯ ಮೂರನೆಯ ತರಗತಿಯ ಹೊರಗೆ, ಕಿಟಕಿಯ ಕೆಳಗೆ ಅವಳು ಕುಳಿತಿರುವುದನ್ನು ಕಂಡೆ. ಸಮವಸ್ತ್ರ ಹಾಕಿದ್ದಳು.

“ಭಾಗ್ಯಾ, ನಿನ್ನ ಸಾಲಿ?”

“ಇದೂ ಸಾಲೀನೇ ಅಲ್ಲೇನ್ ಆಯೀ. ನಂದಾಗ ನೀರು ಬೇಕಂದ್ರ ಕೊಡ್ಲಿಕ್ಕ ಕುಂತೀನಿ.”

“ಮತ್ತ ನಿನ್ನ ಆರನೇ ಕ್ಲಾಸು?”

ಅವಳು ಲಂಗದ ಅಂಚನ್ನು ಕಾಲ ಮೇಲೆ ಎಳೆದುಕೊಂಡಳು. “ನಂದಾ ದೊಡ್ಡಾಕಿ ಆಗ್ಲಿ. ಆಮ್ಯಾಲ ಓದ್ತೀನಿ.”

ತಾನು ಓದಬೇಕಾದ ವಯಸ್ಸನ್ನು ಒಂದು ಮಗು ಇಷ್ಟು ಸಲೀಸಾಗಿ ಮುಂದೂಡಬಲ್ಲದೆಂದು ನನಗೆ ತಿಳಿದಿರಲಿಲ್ಲ. ನಾನು ಬೈದೆ, ರಮಿಸಿದೆ, ಅವಳಪ್ಪನಿಗೂ ಹೇಳಿದೆ. ಅಮೃತಪ್ಪ ತಲೆ ತಗ್ಗಿಸಿ, “ನಾ ಹೇಳಿದ್ರ ಕೇಳಲ್ರಿ. ದಿನಾ ಆಚಿ ಸಾಲಿಗಿ ಹೋಗ್ತೀನಿ ಅಂತ ಚೀಲ ಹಾಕ್ಕೊಂಡು ಬರ್ತಾಳ, ಇಲ್ಲೇ ಕುಂದರ್ತಾಳ” ಎಂದ. ಮುಖ್ಯ ಶಿಕ್ಷಕ ರಮೇಶಕುಮಾರ ಮಾಸ್ತರರು ಕಂಡೂ ಕಾಣದಂತೆ ಇದ್ದರು. ತಮ್ಮ ಊಟದ ಹೊತ್ತಿನಲ್ಲಿ ಅವಳಿಗೆ ಆರನೆಯ ತರಗತಿಯ ಗಣಿತವನ್ನೂ ಹೇಳಿಕೊಡುತ್ತಿದ್ದರಂತೆ. ಅಷ್ಟರಲ್ಲಿ ತಮ್ಮ ಕಚೇರಿಯಿಂದ ತಪಾಸಣೆ ಬಂತು. ಈ ಶಾಲೆಗೆ ದಾಖಲಾಗದ ಮಗು ಆವರಣದಲ್ಲಿ ಇರುವುದು ನಿಯಮಬಾಹಿರ ಎಂದಾಯಿತು. ಮಾಸ್ತರರು ಹುಡುಗಿಯ ಮುಖ ನೋಡಲಾರದೆ, “ಮಗಾ, ಗೇಟಿನ ಹೊರಗ ಕುಂದ್ರವ್ವ” ಎಂದರಂತೆ. ಅಂದಿನಿಂದ ಅವಳು ಗೇಟಿನ ಹೊರಗೆ, ಬಿಸಿಲಿನಲ್ಲಿ ಕುಳಿತಳು. ದೇಶವೆಲ್ಲ ಶಾಲೆ ಬಿಟ್ಟ ಮಕ್ಕಳನ್ನು ಹುಡುಕಿ ಒಳಗೆ ಕರೆತರಲು ಅಭಿಯಾನ ನಡೆಸುತ್ತದೆ; ಶಾಲೆಯೊಳಗಿದ್ದ ಮಗುವನ್ನು ಹುಡುಕಿ ಹೊರಗೆ ಹಾಕುವ ತಪಾಸಣೆ ತಮ್ಮದು!

ಮಕ್ಕಳ ಬಾಯಿಗೆ ಬಾಗಿಲಿಲ್ಲ. ಯಾರೋ ಮಹಾನಂದಾಳಿಗೆ, “ನಿನ್ನ ಸಲುವಾಗಿ ನಿಮ್ಮಕ್ಕ ಸಾಲಿ ಬಿಟ್ಟಾಳ” ಎಂದುಬಿಟ್ಟರು. ಅಕ್ಕ ಹೊರಗೆ ಕಾಯುತ್ತಾಳೆಂದು ಅವಳಿಗೆ ಗೊತ್ತಿತ್ತು. ಅದಕ್ಕಾಗಿ ಅಕ್ಕ ಏನು ಬಿಟ್ಟಿದ್ದಾಳೆಂಬುದು ಗೊತ್ತಿರಲಿಲ್ಲ. ಆ ಸಂಜೆ ಅವಳು ಊಟ ಮಾಡಲಿಲ್ಲ. “ಅಕ್ಕಾ, ನಾ ಹುಟ್ಟಲಿಲ್ಲಂದ್ರ ನೀ ಸಾಲಿಗಿ ಹೋಗ್ತಿದ್ದಿ ಹೌದಿಲ್ಲೊ?” ಎಂದು ಕೇಳಿದಳಂತೆ. ಗುರುಲಿಂಗಮ್ಮ ಇದನ್ನು ನನಗೆ ಹೇಳುವಾಗ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಸಂಕ್ರಾಂತಿ ಮುಗಿದ ಮೇಲಿನ ಒಂದು ಬೆಳಿಗ್ಗೆ. ಭಾಗ್ಯಜ್ಯೋತಿ ನಳದ ಮುಂದೆ ಕೊಡ ಹಿಡಿದು ನಿಂತಿದ್ದಳು. ಚಿಕ್ಕವಳು ಚೀಲ ಹೆಗಲಿಗೇರಿಸಿ ಒಬ್ಬಳೇ ಹೊರಬಿದ್ದಳು. ದಾರಿಯ ಗೋಡೆಗಳನ್ನು ಕೈಯಿಂದ ಸವರುತ್ತಾ ಹೋದರೆ ಶಾಲೆ ಸಿಗುತ್ತದೆಂದು ಅವಳ ಲೆಕ್ಕ. ಲೆಕ್ಕ ಸರಿಯೇ ಇತ್ತು. ಆದರೆ ಬಡಾವಣೆ ಬೆಳೆಯುತ್ತಲೇ ಇದೆಯಲ್ಲ, ಆ ವಾರ ತಿರುವಿನಲ್ಲಿ ಯಾರೋ ಹೊಸ ಕಂಪೌಂಡು ಎಬ್ಬಿಸಿದ್ದರು. ಆ ಗೋಡೆಯನ್ನು ನಂಬಿಕೊಂಡು ಮಗು ಶಾಲೆಗೆ ವಿರುದ್ಧ ದಿಕ್ಕಿಗೆ ನಡೆದು, ಹಳೆಯ ಖಣಿಯ ಕಡೆ ಹೋಗಿಬಿಟ್ಟಿತು. ಆ ಖಣಿಯಲ್ಲಿ ಈಗ ಆಳವಾದ ನೀರು.

ಟಂಟಂ ಆಟೋ ಓಡಿಸುವ ಅಬ್ದುಲ್ ಕರೀಮ್ ದೂರದಿಂದ ಸಮವಸ್ತ್ರ ಕಂಡು, “ಬೇಟೀ, ನಿಂದ್ರು! ಅಲ್ಲೇ ನಿಂದ್ರು!” ಎಂದು ಕೂಗಿದ. ಗುರುತಿಲ್ಲದ ದನಿಗೆ ಬೆಚ್ಚಿ ಅವಳು ಇನ್ನೊಂದು ಹೆಜ್ಜೆ ಇಟ್ಟಳು. ಸಡಿಲ ಕಲ್ಲುಚೂರುಗಳ ಮೇಲೆ ಜಾರಿದಳು. ನೀರಿಗೆ ಸ್ವಲ್ಪ ಮೇಲಿದ್ದ ಬಂಡೆಯ ಮೆಟ್ಟಿಲೊಂದು ತಡೆದುಕೊಂಡಿತು. ಕರೀಮ್ ಇಳಿದು ಎತ್ತಿಕೊಂಡು ಬಂದ. ಬಲಗೈ ಮುರಿದಿತ್ತು, ಹಣೆ ಒಡೆದಿತ್ತು. ಅವನ ಹೆಗಲ ಮೇಲೆ ನಡುಗುತ್ತಾ ಅವಳು ಹೇಳಿದ್ದು ಇಷ್ಟೇ: “ಕಾಕಾ, ಸಾಲಿ ಯಾ ಕಡಿ ಅದ? ನಮ್ಮಕ್ಕಗ ಹೇಳ್ರಿ, ನಾ ಒಬ್ಬಾಕಿನೇ ಹೋಗ್ಲಿಕತ್ತೀನಿ.”

ಕೊಡ ಅಲ್ಲೇ ಬಿಟ್ಟು ಓಡಿಬಂದ ಭಾಗ್ಯಜ್ಯೋತಿ ತಂಗಿಯನ್ನು ಕಂಡು ಅಳಲಿಲ್ಲ. ಅವಳ ಪಾದಕ್ಕೆ ಮೆತ್ತಿದ್ದ ಕಲ್ಲಿನ ಪುಡಿಯನ್ನು ತನ್ನ ಓಢಣಿಯಿಂದ ಒರೆಸುತ್ತಲೇ ಇದ್ದಳು. ಒರೆಸುವುದನ್ನು ಬಿಡು ಎಂದರೂ ಬಿಡಲಿಲ್ಲ.

ಕೈ ಕೂಡಿತು. ಶಾಲೆ ಮಾತ್ರ ಕೂಡಲಿಲ್ಲ. ಮಾತನಾಡಿಸಲು ಹೋದ ನನಗೆ ಅಮೃತಪ್ಪ ಹೇಳಿದ, “ಸಾಕ್ರಿ ಬಾಯಾರ. ಇಬ್ಬರೂ ಮನ್ಯಾಗ ಇರ್ಲಿ. ಜೀವ ಇದ್ರ ಸಾಲಿ.” ಈಗ ಭಾಗ್ಯಜ್ಯೋತಿ ತಾಯಿಯ ಜೊತೆ ಕಲ್ಲು ತೊಳೆಯಲು ಹೋಗುತ್ತಾಳೆ. ಕಳೆದ ವಾರ ದಾರಿಯಲ್ಲಿ ಸಿಕ್ಕಾಗ ಬೆರಳ ತುದಿಗಳು ನೀರಲ್ಲಿ ನೆಂದು ಬೆಳ್ಳಗೆ ಸುಕ್ಕಾಗಿದ್ದವು. “ಓದ್ಲಿಕತ್ತೀಯೇನವ್ವ?” ಎಂದೆ. “ಪುಸ್ತಕ ಹಿಡಿದ್ರ ಹಾಳಿ ತೊಯ್ತಾವ ಆಯೀ” ಎಂದಳು. ಮುಂದಿನ ವರ್ಷ ಅವಳಿಗೆ ವರ ನೋಡುವ ಮಾತು ಈಗಲೇ ನಡೆದಿದೆ. ಬಾಲ್ಯವಿವಾಹ ತಡೆಯುವ ಇಲಾಖೆ ಬೇರೆ ಇದೆ, ಅದು ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂಬುದು ನನಗೆ ಗೊತ್ತು.

ಆಚೆಯ ದೊಡ್ಡ ಶಾಲೆ ಚೆನ್ನಾಗಿದೆ, ಒಪ್ಪುತ್ತೇನೆ. ಗೋಡೆಗೆ ಬಣ್ಣವಿದೆ, ಕಂಪ್ಯೂಟರಿದೆ. ದಾಟಿ ಹೋಗಬಲ್ಲ ಮಕ್ಕಳು ಹೋಗಲಿ. ದಾಟಲಾರದವರನ್ನು ತಾವು ಯಾವ ಕಡೆ ಇಟ್ಟಿರಿ? ನಕಾಶೆಯ ಮೇಲೆ ಗೆರೆ ಎಳೆಯುವಾಗ ತಮ್ಮ ಪೆನ್ಸಿಲು ಒಂದು ಮನೆಯ ಇಬ್ಬರು ಮಕ್ಕಳ ನಡುವೆ ಹಾದುಹೋಯಿತು. ಅದನ್ನು ಅಳಿಸುವ ರಬ್ಬರು ಕೂಡ ತಮ್ಮ ಮೇಜಿನ ಮೇಲೆಯೇ ಇದೆ.

ಆದ್ದರಿಂದ ಕೇಳುತ್ತಿದ್ದೇನೆ. ಈ ಜೂನಿನಲ್ಲಿ ಶಾಲೆ ತೆರೆಯುವ ಮುಂಚೆ ಆರು ಮತ್ತು ಏಳನೆಯ ತರಗತಿಗಳನ್ನು ನಮಗೆ ಮರಳಿಸಿ. ಕೋಣೆ ಇಲ್ಲವೆಂದರೆ ಶಾಲೆಯ ಹಿಂದಿನ ಖಾಲಿ ಜಾಗದಲ್ಲಿ ತಗಡಿನ ಶೆಡ್ಡಿಗೆ ಒಪ್ಪಿಗೆ ಕೊಡಿ, ಬಡಾವಣೆಯವರು ನಿಲ್ಲಿಸುತ್ತೇವೆ. ಮಹಾನಂದಾಳಂಥ ಮಕ್ಕಳಿಗೆ ಕಲಿಸಬಲ್ಲ ಒಬ್ಬ ಶಿಕ್ಷಕಿಯನ್ನು ಕೊಡಿ, ಅಕ್ಕನ ಕೈಗೂ ತುಸು ಬಿಡುವು ಸಿಗಲಿ. ಮತ್ತು ಅಮೃತಪ್ಪನ ಮನೆಗೆ ತಾವೇ ಬಂದು ಈ ಮಾತು ಹೇಳಿ. ನಮ್ಮ ಮಾತನ್ನು ಅವನು ಇನ್ನು ನಂಬುವುದಿಲ್ಲ.

ಅವನಿಗೆ ಹೇಳುವ ಮೊದಲು ಒಮ್ಮೆ ಹಗಲು ಹೊತ್ತಿನಲ್ಲೇ ಬನ್ನಿ. ಮೂವರೂ ಕೆಲಸಕ್ಕೆ ಹೋಗಿರುತ್ತಾರೆ. ಚಿಕ್ಕವಳು ಮತ್ತೆ ಎಲ್ಲಿ ಒಬ್ಬಳೇ ಹೊರಡುತ್ತಾಳೋ ಎಂದು ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿರುತ್ತಾರೆ. ಒಳಗಿನಿಂದ ಮಗ್ಗಿ ಕೇಳಿಸುತ್ತದೆ. ಅದು ನಿಲ್ಲುವುದರೊಳಗೆ ಬನ್ನಿ.

ಇಂತಿ,
ತಾವು ಬಂದೇ ಬರುತ್ತೀರೆಂದು ಹೇಳಿ ನೆರೆಹೊರೆಯವರಿಂದ ನಗಿಸಿಕೊಳ್ಳುತ್ತಿರುವ,
ಸರಸ್ವತಿಬಾಯಿ
ಶಹಾಬಾದ್ ಹೊರವಲಯ